ನಗರದ ಮೇಲೆ ಜೈವಿಕ ದಾಳಿ: ಥ್ರಿಲ್ಲರ್ ಕಾದಂಬರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬಾಂಬ್ ಸಿಡಿದರೆ ಆ ಕ್ಷಣವೇ ಊರಿಗೆಲ್ಲ ಗೊತ್ತಾಗುತ್ತದೆ. ಸದ್ದು, ಹೊಗೆ, ಓಡಾಟ, ಆಂಬುಲೆನ್ಸ್. ರೋಗಾಣು ಹರಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಜನ ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳನ್ನು ಶಾಲೆಯಿಂದ ಕರೆತರುತ್ತಾರೆ. ಸಂಜೆ ಸಿನಿಮಾ ನೋಡುತ್ತಾರೆ. ದಾಳಿ ಆಗಲೇ ಮುಗಿದಿರುತ್ತದೆ. ಕೆಲವು ದಿನ ಬಿಟ್ಟು ಯಾರಿಗೋ ಜ್ವರ ಬರುತ್ತದೆ.

ಜೈವಿಕ ದಾಳಿಯ ಕಾದಂಬರಿಯ ಕಸುವೆಲ್ಲ ಇರುವುದು ಆ ಕೆಲವು ದಿನಗಳಲ್ಲಿ. ಏನೋ ಆಗಿದೆ, ಆದರೆ ಯಾರಿಗೂ ತಿಳಿದಿಲ್ಲ. ತಿಳಿದವರ ಮಾತನ್ನು ಯಾರೂ ನಂಬುತ್ತಿಲ್ಲ. ನಂಬುವ ಹೊತ್ತಿಗೆ ತಡವಾಗಿದೆ. ಈ ತಡವನ್ನು ಚೆನ್ನಾಗಿ ಬರೆದರೆ ಕಾದಂಬರಿ ನಿಲ್ಲುತ್ತದೆ. ಅದನ್ನು ಬಿಟ್ಟು ಹೆಲಿಕಾಪ್ಟರ್, ಚೇಸಿಂಗ್, ಕೊನೆಯ ನಿಮಿಷದಲ್ಲಿ ಸಿಗುವ ಮದ್ದು ಅಂತ ಹೊರಟರೆ ಅದು ಬೇರೆ ಯಾವುದೇ ಥ್ರಿಲ್ಲರ್ ಆಗಬಹುದು. ರೋಗ ಅಲ್ಲಿ ಸುಮ್ನೆ ಒಂದು ನೆಪ ಅಷ್ಟೇ.

ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ತಡದ ಸುತ್ತಲೇ ಇವೆ.

ಹಂತ 1: ಖಳನಿಗಿಂತ ಮೊದಲು ರೋಗವನ್ನು ಆರಿಸಿ

ಬಹಳ ಜನ ಖಳನಾಯಕನಿಂದ ಶುರು ಮಾಡುತ್ತಾರೆ. ನೀವು ರೋಗದಿಂದ ಶುರು ಮಾಡಿ. ಪ್ರತಿ ರೋಗಕ್ಕೂ ತನ್ನದೇ ಗಡಿಯಾರ ಇರುತ್ತದೆ. ರೋಗಾಣು ಮೈಸೇರಿದ ದಿನದಿಂದ ಮೊದಲ ಲಕ್ಷಣ ಕಾಣುವವರೆಗಿನ ಸಮಯಕ್ಕೆ ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ. ನಿಮ್ಮ ಅಧ್ಯಾಯಗಳ ಉದ್ದ, ಕಥೆಯ ವೇಗ, ಪಾತ್ರಗಳಿಗೆ ಸಿಗುವ ಸಮಯ ಎಲ್ಲವನ್ನೂ ನಿರ್ಧರಿಸುವುದು ಅದೇ.

ಮೂರು ರೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರು ಬೇರೆ ಬೇರೆ ಕಾದಂಬರಿಗಳು ಕಾಣುತ್ತವೆ.

ಆಂಥ್ರಾಕ್ಸ್ ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದು ಉಸಿರಿನ ಮೂಲಕ ಒಳಹೋದರೆ ಪ್ರಾಣಕ್ಕೇ ಅಪಾಯ. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಾಗಾಗಿ ಇಲ್ಲಿ ಕ್ವಾರಂಟೈನ್ ದೃಶ್ಯಕ್ಕೆ ಜಾಗವೇ ಇಲ್ಲ. ನಗರದ ಗಡಿ ಮುಚ್ಚುವುದರಲ್ಲಿ ಅರ್ಥವೂ ಇಲ್ಲ. ಇಲ್ಲಿನ ಪ್ರಶ್ನೆ ಒಂದೇ: ಆ ದಿನ ಆ ಜಾಗದಲ್ಲಿ ಯಾರ್‍ಯಾರು ಇದ್ದರು? ಅವರನ್ನೆಲ್ಲ ಹುಡುಕಬೇಕು. ಆಂಟಿಬಯೋಟಿಕ್ ಕೊಡಬೇಕು, ಅದೂ 60 ದಿನ. ಸ್ಪೋರ್‌ಗಳು, ಅಂದರೆ ಆ ಬ್ಯಾಕ್ಟೀರಿಯಾದ ಗಟ್ಟಿ ಕವಚದ ಬೀಜದಂಥ ರೂಪ, ದೇಹದೊಳಗೆ ವಾರಗಟ್ಟಲೆ ಸುಮ್ಮನೆ ಕುಳಿತು ಆಮೇಲೆ ಏಳಬಲ್ಲವು. ಮೈ ಹುಷಾರಾಗಿಯೇ ಇರುವ ಮನುಷ್ಯ ಎರಡು ತಿಂಗಳು ದಿನಾ ಮಾತ್ರೆ ನುಂಗುತ್ತಾ ಕಾಯುವುದನ್ನು ಊಹಿಸಿಕೊಳ್ಳಿ. ಅದೇ ಒಂದು ಅಧ್ಯಾಯ ಆಗುತ್ತದೆ.

ಸಿಡುಬು ಹಾಗಲ್ಲ. ಸೋಂಕು ತಗುಲಿ ಒಂದರಿಂದ ಎರಡೂವರೆ ವಾರದೊಳಗೆ ಜ್ವರ ಬರುತ್ತದೆ. ಆಮೇಲೆ ಗುಳ್ಳೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಮೂರ್ನಾಲ್ಕು ದಿನದೊಳಗೆ ಲಸಿಕೆ ಕೊಟ್ಟರೆ ರೋಗವನ್ನು ತಡೆಯುವ ಅಥವಾ ಕಡಿಮೆ ಮಾಡುವ ಅವಕಾಶ ಇರುತ್ತದೆ. ಈ ಮೂರ್ನಾಲ್ಕು ದಿನ ಥ್ರಿಲ್ಲರ್ ಲೇಖಕರಿಗೆ ದೊಡ್ಡ ಉಡುಗೊರೆ. ಇನ್ನೊಂದು ಉಡುಗೊರೆಯೂ ಇದೆ. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಕಂಡುಬಂತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ರೋಗ ನಿರ್ಮೂಲವಾಗಿದೆ ಎಂದು ಘೋಷಿಸಿತು. ಇವತ್ತು ಆ ವೈರಸ್ ಅಧಿಕೃತವಾಗಿ ಇರುವುದು ಎರಡೇ ಕಡೆ: ಅಮೆರಿಕದ ಅಟ್ಲಾಂಟಾ, ರಷ್ಯಾದ ಕೋಲ್ಟ್‌ಸೊವೊ. ಹಾಗಿದ್ದಮೇಲೆ ಒಂದು ಗುಳ್ಳೆ ಕಂಡರೂ ಸಾಕು, 'ಇದು ಎಲ್ಲಿಂದ ಬಂತು?' ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಅದಕ್ಕಾಗಿ ನೀವು ಬೇರೆ ರಹಸ್ಯ ಕಟ್ಟಬೇಕಾಗಿಲ್ಲ.

ಶ್ವಾಸಕೋಶದ ಪ್ಲೇಗ್ ಬಹಳ ಅವಸರದ್ದು. ಒಂದರಿಂದ ನಾಲ್ಕು ದಿನದಲ್ಲಿ ಲಕ್ಷಣ ಕಾಣುತ್ತದೆ. ಲಕ್ಷಣ ಕಂಡ ಒಂದು ದಿನದೊಳಗೆ ಚಿಕಿತ್ಸೆ ಶುರುವಾಗದಿದ್ದರೆ ಬದುಕುವುದು ಕಷ್ಟ. ಬೇಗ ಸಿಕ್ಕರೆ ಸಾಧಾರಣ ಆಂಟಿಬಯೋಟಿಕ್‌ಗಳೇ ಜೀವ ಉಳಿಸುತ್ತವೆ. ಈ ಕಥೆಯನ್ನು ಗಂಟೆಗಳ ಲೆಕ್ಕದಲ್ಲಿ ಬರೆಯಬೇಕು.

ಹೊಸ ರೋಗವನ್ನೇ ಕಲ್ಪಿಸಿಕೊಳ್ಳುತ್ತೀರಾ? ನನಗೆ ಅದೇ ಜಾಸ್ತಿ ಇಷ್ಟ. ಕಾರಣ ಮೂರನೇ ಹಂತದಲ್ಲಿ ಹೇಳುತ್ತೇನೆ. ಆದರೆ ಒಂದು ಷರತ್ತು. ಆ ರೋಗದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಎಷ್ಟು ದಿನಕ್ಕೆ ಲಕ್ಷಣ? ಲಕ್ಷಣಕ್ಕೆ ಮೊದಲೇ ಹರಡುತ್ತದೆಯೇ? ಹೇಗೆ ಹರಡುತ್ತದೆ? ಯಾರಿಗೆ ಜಾಸ್ತಿ ಅಪಾಯ? ಯಾವ ಮದ್ದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ? ಬರೆದ ಮೇಲೆ ಕಥೆಯ ಅನುಕೂಲಕ್ಕೆ ಒಂದು ನಿಯಮವನ್ನೂ ಮುರಿಯಬೇಡಿ. ನಾಯಕಿಗೆ ಮಾತ್ರ ಸೋಂಕು ತಗುಲದಿದ್ದರೆ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಹಂತ 2: ನಿಜವಾಗಿ ನಡೆದದ್ದನ್ನು ಓದಿ

ಕಲ್ಪನೆಗೆ ಕೈಹಾಕುವ ಮೊದಲು ಕನಿಷ್ಠ ಮೂರು ಘಟನೆಗಳನ್ನು ಆಳವಾಗಿ ಓದಿ. ಮೂರರಲ್ಲೂ ಗಮನಿಸಬೇಕಾದ್ದು ಸತ್ಯ ತಿಳಿಯಲು ಎಷ್ಟು ತಡವಾಯಿತು ಎಂಬುದನ್ನು.

ಮೊದಲನೆಯದು 1979ರ ಸ್ವೆರ್ಡ್‌ಲೋವ್‌ಸ್ಕ್. ಸೋವಿಯತ್ ಒಕ್ಕೂಟದ ಈ ನಗರದ ಒಂದು ಮಿಲಿಟರಿ ಘಟಕದಿಂದ ಏಪ್ರಿಲ್‌ನಲ್ಲಿ ಆಂಥ್ರಾಕ್ಸ್ ಸೋರಿಕೆಯಾಯಿತು. ಕನಿಷ್ಠ 66 ಜನ ಸತ್ತರು. ಇದು ದಾಳಿ ಅಲ್ಲ, ಅವಘಡ. ಸರ್ಕಾರ ಮಾತ್ರ ಕೆಟ್ಟ ಮಾಂಸ ತಿಂದು ಹೀಗಾಯಿತು ಎಂದು ವರ್ಷಗಟ್ಟಲೆ ಹೇಳಿತು. ಮಿಲಿಟರಿಯೇ ಕಾರಣ ಎಂದು ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ಒಪ್ಪಿಕೊಂಡದ್ದು 1992ರಲ್ಲಿ. ಅದೇ ವರ್ಷ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಅವರ ತಂಡ ಅಲ್ಲಿಗೆ ಹೋಯಿತು. ಸತ್ತವರ ಮನೆಯವರನ್ನು ಮಾತಾಡಿಸಿತು. ಸತ್ತವರು ಹಗಲು ಹೊತ್ತು ಎಲ್ಲಿ ಇರುತ್ತಿದ್ದರು ಎಂದು ನಕ್ಷೆಯಲ್ಲಿ ಗುರುತು ಹಾಕಿತು. ಆ ಚುಕ್ಕೆಗಳೆಲ್ಲ ಮಿಲಿಟರಿ ಘಟಕದಿಂದ ದಕ್ಷಿಣಕ್ಕೆ ಒಂದು ಕಿರಿದಾದ ಪಟ್ಟಿಯಾಗಿ ಸಾಲುಗಟ್ಟಿದವು. ಊರಾಚೆ ಜಾನುವಾರುಗಳು ಸತ್ತ ಹಳ್ಳಿಗಳೂ ಅದೇ ಸಾಲಿನಲ್ಲಿದ್ದವು. ಹವಾಮಾನ ದಾಖಲೆ ತೆಗೆದು ನೋಡಿದರೆ ಏಪ್ರಿಲ್ 2ರಂದು ಗಾಳಿ ಬೀಸಿದ್ದು ಅದೇ ದಿಕ್ಕಿಗೆ. ಒಂದು ಸರ್ಕಾರ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಒಂದು ನಕ್ಷೆ ಬಯಲು ಮಾಡಿತು. ಇದಕ್ಕಿಂತ ಒಳ್ಳೆಯ ಪತ್ತೇದಾರಿ ದೃಶ್ಯವನ್ನು ನಾನು ಕಂಡಿಲ್ಲ.

ಎರಡನೆಯದು 1984ರ ಅಮೆರಿಕದ ಆರೆಗಾನ್ ರಾಜ್ಯದ ದ ಡ್ಯಾಲ್ಸ್ ಪಟ್ಟಣ. ರಜನೀಶ್ ಕಮ್ಯೂನ್‌ನ ಕೆಲವರು ಸ್ಥಳೀಯ ಚುನಾವಣೆಯಲ್ಲಿ ಬೇರೆಯವರು ಮತ ಹಾಕದಂತೆ ಮಾಡಲು ರೆಸ್ಟೋರೆಂಟ್‌ಗಳ ಆಹಾರಕ್ಕೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆರೆಸಿದರು. 751 ಜನ ಕಾಯಿಲೆ ಬಿದ್ದರು. ಯಾರೂ ಸಾಯಲಿಲ್ಲ. ಆರೋಗ್ಯ ಅಧಿಕಾರಿಗಳು ಮೊದಲು ಅಡುಗೆ ಕೆಲಸದವರ ಕೈ ಸ್ವಚ್ಛವಿರಲಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಅದು ದಾಳಿ ಎಂದು ಗೊತ್ತಾಗಲು ಸುಮಾರು ಒಂದು ವರ್ಷ ಬೇಕಾಯಿತು, ಅದೂ ಕಮ್ಯೂನ್ ಒಳಗೇ ಜಗಳ ಎದ್ದ ಮೇಲೆ.

ಮೂರನೆಯದು 2001ರ ಅಮೆರಿಕದ ಆಂಥ್ರಾಕ್ಸ್ ಪತ್ರಗಳು. 22 ಜನರಿಗೆ ಸೋಂಕು, 5 ಸಾವು. ಇದರಲ್ಲಿ ನನ್ನನ್ನು ತುಂಬಾ ಕಾಡುವ ಭಾಗ ಅಂಚೆ ನೌಕರರದ್ದು. ಅಕ್ಟೋಬರ್ 15ರಂದು ಸೆನೆಟರ್ ಒಬ್ಬರ ಕಚೇರಿಯಲ್ಲಿ ಪತ್ರ ತೆರೆದರು. ಅಲ್ಲಿದ್ದವರಿಗೆಲ್ಲ ಕೂಡಲೇ ಆಂಟಿಬಯೋಟಿಕ್ ಸಿಕ್ಕಿತು. ಆ ಪತ್ರ ಹಾದುಬಂದ ವಾಷಿಂಗ್ಟನ್‌ನ ಅಂಚೆ ಕೇಂದ್ರ ಮಾತ್ರ 21ರವರೆಗೂ ಕೆಲಸ ಮಾಡುತ್ತಲೇ ಇತ್ತು. ಮುಚ್ಚಿದ ಲಕೋಟೆಯಿಂದ ಅಪಾಯ ಇಲ್ಲ ಎಂದು ಆಗ ನಂಬಿದ್ದರು. ಆ ಕೇಂದ್ರದ ಇಬ್ಬರು ನೌಕರರು ಸತ್ತರು. ಯಾರ ಜೀವಕ್ಕೆ ಮೊದಲು ಮದ್ದು, ಯಾರದ್ದಕ್ಕೆ ಆಮೇಲೆ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ನಿಮ್ಮ ಕಾದಂಬರಿ ಅದನ್ನು ಬಿಟ್ಟು ಮುಂದೆ ಹೋಗಬಾರದು.

ಜೊತೆಗೆ ಜಪಾನಿನ ಓಮ್ ಶಿನ್ರಿಕ್ಯೊ ಪಂಥದ ವಿಷಯವನ್ನೂ ಓದಿ. 1995ರ ಮಾರ್ಚ್ 20ರಂದು ಟೋಕಿಯೊ ಸಬ್‌ವೇಯಲ್ಲಿ ಸರಿನ್ ವಿಷಾನಿಲ ಬಿಟ್ಟವರು ಇವರೇ. ಅದಕ್ಕೆ ಎರಡು ವರ್ಷ ಮೊದಲು ಅದೇ ನಗರದಲ್ಲಿ ಆಂಥ್ರಾಕ್ಸ್ ಹರಡಲು ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಅಕ್ಕಪಕ್ಕದವರು ಕೆಟ್ಟ ವಾಸನೆ ಎಂದು ದೂರು ಕೊಟ್ಟರು, ಅಷ್ಟೇ. ಹಣ, ವಿಜ್ಞಾನಿಗಳು, ಹುಚ್ಚು ಹಟ ಎಲ್ಲ ಇದ್ದೂ ಅವರು ಸೋತರು. ಖಳನನ್ನು ಸರ್ವಶಕ್ತನನ್ನಾಗಿ ಮಾಡುವ ಆಸೆ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಹಂತ 3: ಏನನ್ನು ಬರೆಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ

ಇದನ್ನು ಹಸ್ತಪ್ರತಿ ಮುಗಿದ ಮೇಲೆ ಯೋಚಿಸಿದರೆ ಆಗುವುದಿಲ್ಲ. ರೋಗಾಣುವನ್ನು ಎಲ್ಲಿಂದ ಪಡೆಯುವುದು, ಹೇಗೆ ಬೆಳೆಸುವುದು, ಹೇಗೆ ಹರಡುವುದು ಎಂಬ ವಿವರ ನಿಮ್ಮ ಕಾದಂಬರಿಯಲ್ಲಿ ಇರಬಾರದು. ಇದು ಭಯದ ಮಾತಲ್ಲ, ಜವಾಬ್ದಾರಿಯ ಮಾತು. 1972ರಲ್ಲಿ ಸಹಿಗೆ ತೆರೆದು 1975ರಲ್ಲಿ ಜಾರಿಗೆ ಬಂದ ಜೈವಿಕ ಅಸ್ತ್ರಗಳ ಒಪ್ಪಂದದ ಮೂಲಕ ದೇಶಗಳೇ ಈ ಅಸ್ತ್ರಗಳನ್ನು ತಯಾರಿಸುವುದಿಲ್ಲ ಎಂದು ಮಾತು ಕೊಟ್ಟಿವೆ. ಒಂದು ಕಾದಂಬರಿ ಆ ಗೆರೆಯ ಈಚೆಗೇ ಇರಲಿ.

ಕಥೆಗೆ ಇದರಿಂದ ನಷ್ಟವೂ ಇಲ್ಲ. ಓದುಗರ ಎದೆ ಬಡಿತ ಹೆಚ್ಚುವುದು ತಯಾರಿಯ ವಿಧಾನ ಓದಿ ಅಲ್ಲ. ಪಕ್ಕದ ಸೀಟಿನಲ್ಲಿ ಕೂತವರು ಕೆಮ್ಮಿದಾಗ. ಖಳನ ಕೋಣೆಯ ಬಾಗಿಲಲ್ಲಿ ದೃಶ್ಯ ನಿಲ್ಲಿಸಿ. ಒಳಗೆ ಹೋದ, ಬೆಳಗಿನ ಜಾವ ಹೊರಗೆ ಬಂದ, ಕೈ ಮತ್ತೆ ಮತ್ತೆ ತೊಳೆದ. ಸಾಕು. ಕಲ್ಪಿತ ರೋಗ ನನಗೆ ಇಷ್ಟ ಎಂದದ್ದು ಇದಕ್ಕೇ. ಇಲ್ಲದ ರೋಗವನ್ನು ತಯಾರಿಸುವ ದಾರಿ ಯಾರಿಗೂ ಸಿಗುವುದಿಲ್ಲ. ಆದರೆ ಅದರ ಲಕ್ಷಣ, ಭಯ, ಚಿಕಿತ್ಸೆ, ತನಿಖೆ ಎಲ್ಲವನ್ನೂ ನೀವು ಪೂರ್ತಿ ನಿಜವೆನಿಸುವಂತೆ ಬರೆಯಬಹುದು.

ಹಂತ 4: ಮೊದಲ ರೋಗಿಯನ್ನು ಸಾಧಾರಣವಾಗಿ ಬರೆಯಿರಿ

ಮೊದಲ ರೋಗಿ ರಕ್ತ ಕಾರಿ ಬೀಳುವ ದೃಶ್ಯ ಎಲ್ಲರಿಗೂ ಹೊಳೆಯುತ್ತದೆ. ಅದನ್ನು ಬಿಟ್ಟುಬಿಡಿ. ಇಂಥ ರೋಗಗಳಲ್ಲಿ ಹೆಚ್ಚಿನವು ಶುರುವಾಗುವುದು ಜ್ವರ, ಮೈಕೈ ನೋವು, ಸುಸ್ತಿನಿಂದ. ಡಾಕ್ಟರು ಫ್ಲೂ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಅವರದ್ದು ತಪ್ಪೂ ಅಲ್ಲ. ನೂರು ಜ್ವರದಲ್ಲಿ ನೂರೂ ಫ್ಲೂ ಆಗಿರುವ ಋತುವಿನಲ್ಲಿ ಬೇರೇನು ಯೋಚಿಸಲು ಸಾಧ್ಯ, ಅಲ್ವಾ?

ಅನುಮಾನ ಹುಟ್ಟುವ ಕ್ಷಣ ಚಿಕ್ಕದಾಗಿರಲಿ. 2001ರಲ್ಲಿ ಫ್ಲೋರಿಡಾದ ಒಬ್ಬ ವೈದ್ಯರು ರೋಗಿಯ ಬೆನ್ನುಹುರಿಯ ದ್ರವವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅಲ್ಲಿ ಕಂಡ ಕಡ್ಡಿಯಂಥ ಬ್ಯಾಕ್ಟೀರಿಯಾ ನೋಡಿ ಆಂಥ್ರಾಕ್ಸ್ ಇರಬಹುದು ಎಂದುಕೊಂಡರು. ಅಮೆರಿಕದಲ್ಲಿ ಉಸಿರಿನ ಆಂಥ್ರಾಕ್ಸ್ ಕಂಡು ಸುಮಾರು ಕಾಲು ಶತಮಾನ ಆಗಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ವೈದ್ಯರು ಆ ಹೆಸರನ್ನು ಬಾಯಿಬಿಟ್ಟು ಹೇಳಲು ಎಷ್ಟು ಧೈರ್ಯ ಬೇಕು! ಆ ಹಿಂಜರಿಕೆಯನ್ನು ಬರೆಯಿರಿ.

ಒಂದು ಮಾದರಿ ಇಲ್ಲಿದೆ:

"ಡ್ಯೂಟಿ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರ್ ಅದನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ನಿನ್ನೆ ರಾತ್ರಿಯೂ ಇಂಥದ್ದೇ ಒಂದನ್ನು ನೋಡಿದ್ದರು.
'ನಿನ್ನೆ ಬಂದಿದ್ದರಲ್ಲ, ಕಿಟಕಿ ಪಕ್ಕದ ಬೆಡ್‌ನವರು, ಅವರು ಎಲ್ಲಿ ಕೆಲಸ ಮಾಡೋದು?'
ನರ್ಸ್ ಫೈಲ್ ತಿರುವಿದರು. 'ಅದನ್ನ ಯಾರೂ ಬರ್ಕೊಂಡಿಲ್ಲ ಸರ್.'
'ಹೋಗಿ ಕೇಳ್ತೀರಾ?'
'ಅವರು ಬೆಳಗ್ಗೆನೇ ತೀರಿಕೊಂಡ್ರಲ್ಲ.'"

ಇಲ್ಲಿ ರೋಗದ ಹೆಸರಿಲ್ಲ, ಕಿರುಚಾಟ ಇಲ್ಲ. ಕೇಳದೆ ಉಳಿದ ಒಂದು ಪ್ರಶ್ನೆ ಇದೆ. ಮುಂದಿನ ಪುಟ ತಿರುಗಿಸಲು ಅಷ್ಟು ಸಾಕು.

ಹಂತ 5: ಎರಡು ಬಗೆಯ ಪತ್ತೇದಾರರನ್ನು ಒಂದೇ ಕೋಣೆಗೆ ತನ್ನಿ

ಜೈವಿಕ ದಾಳಿಯಲ್ಲಿ ಎರಡು ತನಿಖೆಗಳು ಒಟ್ಟಿಗೆ ನಡೆಯುತ್ತವೆ. ರೋಗ ಎಲ್ಲಿಂದ, ಹೇಗೆ ಹರಡಿತು ಎಂದು ಹುಡುಕುವ ತಜ್ಞರಿಗೆ ಎಪಿಡೆಮಿಯಾಲಜಿಸ್ಟ್ ಎನ್ನುತ್ತಾರೆ. ಆರೋಗ್ಯ ಇಲಾಖೆಯ ಎಪಿಡೆಮಿಯಾಲಜಿಸ್ಟ್‌ಗೆ ಬೇಕಾದ್ದು ರೋಗದ ಮೂಲ. ಪೊಲೀಸರಿಗೆ ಬೇಕಾದ್ದು ಅಪರಾಧಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಇಬ್ಬರೂ ಸರಿ, ಇಬ್ಬರೂ ಪ್ರಾಮಾಣಿಕರು. ಆದರೂ ಹೆಜ್ಜೆಹೆಜ್ಜೆಗೆ ಘರ್ಷಣೆ.

ಎಪಿಡೆಮಿಯಾಲಜಿಸ್ಟ್ ಹೇಗೆ ಕೆಲಸ ಮಾಡುತ್ತಾರೆ ಎಂದು ಚೆನ್ನಾಗಿ ತಿಳಿದುಕೊಳ್ಳಿ. ಮೊದಲು 'ಕೇಸ್ ಡೆಫಿನಿಷನ್' ಮಾಡುತ್ತಾರೆ. ಅಂದರೆ ಯಾರನ್ನು ಈ ರೋಗದವರೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಅಳತೆ. ಆಮೇಲೆ 'ಲೈನ್ ಲಿಸ್ಟ್'. ಪ್ರತಿ ರೋಗಿಗೆ ಒಂದು ಸಾಲು: ವಯಸ್ಸು, ಮನೆ, ಕೆಲಸದ ಜಾಗ, ಲಕ್ಷಣ ಕಂಡ ದಿನ, ಅದಕ್ಕೆ ಹಿಂದಿನ ದಿನಗಳಲ್ಲಿ ಹೋದ ಜಾಗ, ತಿಂದದ್ದು, ಭೇಟಿಯಾದವರು. ಆಮೇಲೆ ಗ್ರಾಫ್. ಯಾವ ದಿನ ಎಷ್ಟು ಜನ ಕಾಯಿಲೆ ಬಿದ್ದರು ಎಂದು ಕಂಬಗಳನ್ನು ನಿಲ್ಲಿಸುತ್ತಾ ಹೋಗುತ್ತಾರೆ. ಇದು 'ಎಪಿ ಕರ್ವ್'.

ಈ ಕರ್ವ್ ಕಥೆ ಹೇಳುತ್ತದೆ. ಎಲ್ಲರೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಸೋಂಕಿಗೆ ಸಿಕ್ಕಿದ್ದರೆ ಕಂಬಗಳು ಥಟ್ಟನೆ ಏರಿ ಇಳಿಯುತ್ತವೆ. ಒಬ್ಬರಿಂದ ಒಬ್ಬರಿಗೆ ಹರಡುತ್ತಿದ್ದರೆ ಅಲೆಅಲೆಯಾಗಿ, ಪ್ರತಿ ಅಲೆಯೂ ಮೊದಲಿನದ್ದಕ್ಕಿಂತ ದೊಡ್ಡದಾಗಿ ಬರುತ್ತವೆ. ಮೊದಲ ಬಗೆಯ ಗ್ರಾಫ್ ಕಂಡರೆ ಇನ್‌ಕ್ಯುಬೇಷನ್ ಅವಧಿಯನ್ನು ಹಿಂದಕ್ಕೆ ಎಣಿಸಿ ಸೋಂಕಿನ ದಿನವನ್ನು ಹೆಚ್ಚುಕಡಿಮೆ ಗುರುತಿಸಬಹುದು. ಆ ದಿನ ಯಾವ ಜಾಗ ಇವರೆಲ್ಲರಿಗೂ ಸಮಾನ? 1854ರಲ್ಲಿ ಜಾನ್ ಸ್ನೋ ಲಂಡನ್‌ನಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪಿನತ್ತ ಬೆರಳು ತೋರಿಸಿದರು. ಅವತ್ತಿನಿಂದ ಇವತ್ತಿನವರೆಗೂ ಮೂಲ ವಿಧಾನ ಇದೇ.

ಈಗ ಘರ್ಷಣೆಗೆ ಬನ್ನಿ. ಒಬ್ಬ ರೋಗಿ ಆ ದಿನ ಮಧ್ಯಾಹ್ನ ಆಫೀಸಿನಲ್ಲೇ ಇದ್ದೆ ಎನ್ನುತ್ತಾನೆ. ಸುಳ್ಳು. ಮನೆಯವರಿಗೆ ಗೊತ್ತಾಗಬಾರದ ಭೇಟಿಯೊಂದಕ್ಕೆ ಹೋಗಿದ್ದ. ಈ ಒಂದು ಸುಳ್ಳಿನಿಂದ ಇಡೀ ನಕ್ಷೆ ತಪ್ಪುತ್ತದೆ. ಎಪಿಡೆಮಿಯಾಲಜಿಸ್ಟ್ 'ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ' ಎಂದು ಭರವಸೆ ಕೊಟ್ಟು ಸತ್ಯ ಹೊರಡಿಸುತ್ತಾಳೆ. ಅದೇ ಸಂಜೆ ಪೊಲೀಸ್ ಅಧಿಕಾರಿ ಆ ಮಾಹಿತಿ ಕೇಳುತ್ತಾನೆ. ಕೊಡಬೇಕೇ? ಕೊಟ್ಟರೆ ನಾಳೆಯಿಂದ ಯಾವ ರೋಗಿಯೂ ನಿಜ ಹೇಳುವುದಿಲ್ಲ. ಕೊಡದಿದ್ದರೆ ಎರಡನೇ ದಾಳಿ ಆಗಬಹುದು. ಹೀಗೆ ಎರಡೂ ಕಡೆ ನ್ಯಾಯ ಇರುವ ಜಗಳ ಸಿಕ್ಕರೆ ಗುಂಡಿನ ಕಾಳಗ ಬೇಕಾಗುವುದಿಲ್ಲ.

ಲ್ಯಾಬ್ ವಿವರ ಹದವಾಗಿ ಸಾಕು. ಸ್ಯಾಂಪಲ್‌ನಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಒಂದೆರಡು ದಿನವಾದರೂ ಬೇಕು, ಅದರ ಜೀನ್ ಗುರುತಿಸುವ ಪಿಸಿಆರ್ ಪರೀಕ್ಷೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಅತಿ ಅಪಾಯದ ರೋಗಾಣುಗಳ ಕೆಲಸ ನಡೆಯುವುದು ಬಯೋಸೇಫ್ಟಿ ಲೆವೆಲ್ 4 ಲ್ಯಾಬ್‌ಗಳಲ್ಲಿ. ಅಂಥವು ಎಲ್ಲ ಕಡೆ ಇರುವುದಿಲ್ಲ, ಸ್ಯಾಂಪಲ್ ಪ್ರಯಾಣ ಮಾಡಬೇಕು. ಆ ಪ್ರಯಾಣದ ಗಂಟೆಗಳನ್ನು ಕಥೆಯ ಲೆಕ್ಕಕ್ಕೆ ಸೇರಿಸಿ.

ಹಂತ 6: ಮೂರು ಕಾಲಂಗಳ ಪಟ್ಟಿ ಮಾಡಿ

ಬರವಣಿಗೆ ಶುರುವಾಗುವ ಮೊದಲು ಮಾಡಲೇಬೇಕಾದ ಕೆಲಸ ಇದು. ದೊಡ್ಡ ಹಾಳೆಯಲ್ಲಿ ಎಡಕ್ಕೆ ದಿನಗಳನ್ನು ಬರೆಯಿರಿ. ದಾಳಿ ಆದದ್ದು ದಿನ 0. ಪ್ರತಿ ದಿನದ ಮುಂದೆ ಮೂರು ಕಾಲಂ. ಮೊದಲನೆಯದು, ನಿಜವಾಗಿ ಏನಾಗಿದೆ. ಎರಡನೆಯದು, ತನಿಖೆಯವರಿಗೆ ಏನು ಗೊತ್ತು. ಮೂರನೆಯದು, ಜನ ಏನು ನಂಬಿದ್ದಾರೆ.

ಒಂದು ವಾರದಲ್ಲಿ ಲಕ್ಷಣ ಕಾಣುವ ಕಲ್ಪಿತ ರೋಗ ಎಂದಿಟ್ಟುಕೊಳ್ಳಿ. ದಿನ 0ರಿಂದ 6ರವರೆಗೆ ಮೊದಲ ಕಾಲಂ ತುಂಬುತ್ತಾ ಹೋಗುತ್ತದೆ, ಉಳಿದೆರಡು ಖಾಲಿ. ದಿನ 8ಕ್ಕೆ ಆಸ್ಪತ್ರೆಗಳಲ್ಲಿ ಒಂದಷ್ಟು ಜ್ವರ. ತನಿಖೆಯವರ ಕಾಲಂ ಇನ್ನೂ ಖಾಲಿಯೇ. ಜನರ ಕಾಲಂನಲ್ಲಿ 'ಹವೆ ಬದಲಾಗಿದೆ'. ದಿನ 10ಕ್ಕೆ ಒಬ್ಬ ಡಾಕ್ಟರಿಗೆ ಅನುಮಾನ. ದಿನ 11ಕ್ಕೆ ಜನರಲ್ಲಿ 'ನೀರಿನಲ್ಲಿ ವಿಷ ಬೆರೆಸಿದ್ದಾರಂತೆ' ಎಂಬ ಗಾಳಿಮಾತು. ದಿನ 12ಕ್ಕೆ ಲ್ಯಾಬ್ ಫಲಿತಾಂಶ. ದಿನ 13ಕ್ಕೆ ಆರೋಗ್ಯ ಮಂತ್ರಿ ಟೀವಿಯಲ್ಲಿ ಎಲ್ಲ ಹತೋಟಿಯಲ್ಲಿದೆ ಎನ್ನುತ್ತಾರೆ. ಅದೇ ಹೊತ್ತಿಗೆ ಮೊದಲ ಕಾಲಂನಲ್ಲಿ ಎರಡನೇ ಅಲೆ ಶುರುವಾಗಿರುತ್ತದೆ.

ಮೂರು ಕಾಲಂಗಳ ನಡುವೆ ಅಂತರ ಎಲ್ಲಿ ದೊಡ್ಡದೋ ಅಲ್ಲಿ ನಿಮ್ಮ ಅತಿ ಬಿಗಿಯಾದ ಅಧ್ಯಾಯಗಳಿವೆ. ಮೂರೂ ಒಂದೇ ಆದ ಕಡೆ ಬೇಗ ದಾಟಿಬಿಡಿ. ಓದುಗರನ್ನು ಯಾವ ಕಾಲಂ ಜೊತೆ ಕೂರಿಸುತ್ತೀರಿ ಎಂಬುದೂ ಇಲ್ಲೇ ತೀರ್ಮಾನ ಆಗಬೇಕು. ಮೊದಲ ಕಾಲಂ ಜೊತೆ ಕೂರಿಸಿದರೆ ಅವರು ಭಯದಿಂದ ಕಾಯುತ್ತಾರೆ. ಎರಡನೆಯದರ ಜೊತೆ ಕೂರಿಸಿದರೆ ಒಗಟು ಬಿಡಿಸುತ್ತಾರೆ. ನಾನಾದರೆ ಮೊದಲ ಮೂರನೇ ಒಂದು ಭಾಗವನ್ನು ಭಯಕ್ಕೆ ಕೊಟ್ಟು, ಆಮೇಲೆ ತನಿಖೆಯವರ ಪಕ್ಕಕ್ಕೆ ಸರಿಯುತ್ತೇನೆ.

ಹಂತ 7: ಖಳನಿಗೆ ಸಣ್ಣ ಕಾರಣ ಕೊಡಿ

ಜಗತ್ತನ್ನೇ ನಾಶ ಮಾಡುವ ಹುಚ್ಚ ವಿಜ್ಞಾನಿ ಬೇಡ. ನಿಜ ಘಟನೆಗಳಲ್ಲಿ ಕಾರಣಗಳು ಎಷ್ಟು ಸಣ್ಣವು ನೋಡಿ. 1984ರಲ್ಲಿ ಒಂದು ಸ್ಥಳೀಯ ಚುನಾವಣೆ. ಅಷ್ಟು ಚಿಕ್ಕ ಆಸೆಗೆ ಅಷ್ಟು ಜನರ ಮೈ ಹಾಳು ಮಾಡಬಹುದು ಎಂಬ ಲೆಕ್ಕ ಹಾಕಿದ ಮನಸ್ಸು ಯಾವ ರಾಕ್ಷಸನಿಗಿಂತಲೂ ಭಯಾನಕ.

ಖಳನಿಗೂ ಕಾಯುವ ದಿನಗಳಿವೆ ಎಂಬುದನ್ನು ಮರೆಯಬೇಡಿ. ಮಾಡಿದ್ದು ಫಲಿಸಿತೋ ಇಲ್ಲವೋ ಅವನಿಗೂ ಗೊತ್ತಿಲ್ಲ. ದಿನಾ ಪೇಪರ್ ತಿರುವುತ್ತಾನೆ. ಏನೂ ಇಲ್ಲ. ತನಗೇ ಸ್ವಲ್ಪ ಜ್ವರ ಬಂದ ಹಾಗೆ ಅನಿಸುತ್ತದೆ. ಅವನ ಸಹಚರರಲ್ಲಿ ಒಬ್ಬಳಿಗೆ ಆ ಜಾಗದ ಹತ್ತಿರ ಅಕ್ಕನ ಮನೆ ಇದೆ, ಅವಳು ಅಕ್ಕನಿಗೆ ಎಚ್ಚರಿಕೆ ಕೊಡಲಾರಳು. ಇಂಥ ಅಧ್ಯಾಯಗಳಲ್ಲಿ ಖಳರು ಮನುಷ್ಯರಾಗುತ್ತಾರೆ. ಅವರನ್ನು ಕ್ಷಮಿಸಬೇಕಾಗಿಲ್ಲ, ನೋಡಿದರೆ ಸಾಕು.

ಅಪರಾಧಿಯನ್ನು ಒಂದು ಧರ್ಮದ, ಭಾಷೆಯ, ವಲಸೆಗಾರರ ಗುಂಪಿನ ಮುಖವಾಗಿ ಮಾಡಬೇಡಿ. ರೋಗ ಬಂದಾಗ ಅಮಾಯಕರ ಮೇಲೆ ಆರೋಪ ಹೊರಿಸುವುದು ಬಹಳ ಹಳೆಯ ಕ್ರೌರ್ಯ. 14ನೇ ಶತಮಾನದ ಯುರೋಪಿನಲ್ಲಿ ಪ್ಲೇಗ್ ಬಂದಾಗ ಯಹೂದಿಗಳು ಬಾವಿಗೆ ವಿಷ ಹಾಕಿದರೆಂದು ಅವರನ್ನು ಊರೂರುಗಳಲ್ಲಿ ಕೊಂದರು. ನಿಮ್ಮ ಕಾದಂಬರಿಯ ಜನ ಹೀಗೆ ತಪ್ಪು ಗುಂಪನ್ನು ದೂರಬಹುದು. ಅದನ್ನು ಬರೆಯಲೇಬೇಕು ಕೂಡ. ಆದರೆ ಕಾದಂಬರಿಯೇ ಆ ತಪ್ಪು ಮಾಡಬಾರದು.

ಹಂತ 8: ಭಯ ಹರಡುವುದನ್ನೂ ಒಂದು ರೋಗದಂತೆಯೇ ಬರೆಯಿರಿ

ಟೋಕಿಯೊ ಸರಿನ್ ದಾಳಿಯ ದಿನ 5 ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ನುಗ್ಗಿದರು. ಅವರಲ್ಲಿ ಬಹುಪಾಲು ಜನರಿಗೆ ಗಂಭೀರವಾದ್ದೇನೂ ಆಗಿರಲಿಲ್ಲ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿ ಹಬ್ಬಿದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು, ಅವರಲ್ಲಿ ವೈದ್ಯರೂ ಇದ್ದರು. 2001ರ ಪತ್ರಗಳ ನಂತರ ಅಮೆರಿಕದಲ್ಲಿ ಬರೀ ಬಿಳಿ ಪುಡಿ ತುಂಬಿದ ಸಾವಿರಾರು ಹುಸಿ ಪತ್ರಗಳು ಹೊರಟವು. ಪ್ರತಿಯೊಂದಕ್ಕೂ ತಂಡ ಹೋಗಬೇಕು, ಕಟ್ಟಡ ಖಾಲಿ ಮಾಡಿಸಬೇಕು, ಲ್ಯಾಬ್ ಪರೀಕ್ಷೆ ಮಾಡಬೇಕು. ನಿಜವಾದ ಸ್ಯಾಂಪಲ್ ಆ ರಾಶಿಯಲ್ಲಿ ತನ್ನ ಸರದಿ ಕಾಯುತ್ತಿರುತ್ತದೆ.

ಆದರೆ ಜನರೆಂದರೆ ಬರೀ ಗಲಾಟೆ ಎಂದು ಬರೆದರೆ ಅದು ಅನ್ಯಾಯ. 1947ರಲ್ಲಿ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಬಂದ ಒಬ್ಬ ಪ್ರಯಾಣಿಕನಿಂದ ಸಿಡುಬು ಬಂತು. ನಗರ ವಿಷಯವನ್ನು ಮುಚ್ಚಿಡಲಿಲ್ಲ. ಜನ ಸಾಲುಗಟ್ಟಿ ನಿಂತರು. ಒಂದು ತಿಂಗಳೊಳಗೆ 60 ಲಕ್ಷಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿದರು. ಒಟ್ಟು 12 ಜನರಿಗೆ ರೋಗ ತಗುಲಿತು, ಇಬ್ಬರು ಸತ್ತರು, ಅಲ್ಲಿಗೆ ನಿಂತಿತು. ಸತ್ಯ ಹೇಳಿದ ನಗರಕ್ಕೂ ಮುಚ್ಚಿಟ್ಟ ನಗರಕ್ಕೂ ಇರುವ ವ್ಯತ್ಯಾಸವೇ ಒಂದು ಕಾದಂಬರಿಯ ಬೆನ್ನೆಲುಬಾಗಬಹುದು.

ದೊಡ್ಡ ದೃಶ್ಯಗಳ ನಡುವೆ ಸಣ್ಣ ಜನರನ್ನು ಇಡಿ. ಕಸ ಒಯ್ಯುವವರು ಆಸ್ಪತ್ರೆಯ ಚೀಲ ಮುಟ್ಟಲು ನಿರಾಕರಿಸುತ್ತಾರೆ. ಶವಾಗಾರದ ನೌಕರ ಮನೆಗೆ ಹೋದರೆ ಹೆಂಡತಿ ಬಾಗಿಲು ತೆರೆಯುವ ಮೊದಲು ಒಂದು ಕ್ಷಣ ತಡೆಯುತ್ತಾಳೆ. ಔಷಧಿ ಅಂಗಡಿಯವನು ಕೊನೆಯ ಪಟ್ಟಿ ಮಾತ್ರೆಯನ್ನು ತನ್ನ ಮಗಳಿಗೆ ಎತ್ತಿಡುತ್ತಾನೆ, ಎದುರಿಗೆ ಬೇರೆಯವರ ಮಗಳು ನಿಂತಿರುತ್ತಾಳೆ. ನಗರ ಎಂದರೆ ಇವರೇ.

ಹಂತ 9: ಮುಕ್ತಾಯವನ್ನು ಪೂರ್ತಿ ಬಿಗಿಯಬೇಡಿ

2001ರ ಆಂಥ್ರಾಕ್ಸ್ ಪತ್ರಗಳ ತನಿಖೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. ಮೊದಲು ಒಬ್ಬ ವಿಜ್ಞಾನಿಯ ಮೇಲೆ ಬಹಿರಂಗವಾಗಿ ಅನುಮಾನ ಬಿತ್ತು. 2008ರಲ್ಲಿ ಸರ್ಕಾರ ಅವರಿಗೆ ಪರಿಹಾರ ಕೊಟ್ಟಿತು, ಅವರು ತಪ್ಪಿತಸ್ಥರಲ್ಲ ಎಂದೂ ಕೊನೆಗೆ ಒಪ್ಪಿತು. ಅದೇ ವರ್ಷ ಸೇನಾ ಲ್ಯಾಬ್‌ನ ಇನ್ನೊಬ್ಬ ವಿಜ್ಞಾನಿ, ಆರೋಪಪಟ್ಟಿ ಬರುವ ಮೊದಲೇ, ಆತ್ಮಹತ್ಯೆ ಮಾಡಿಕೊಂಡರು. 2010ರಲ್ಲಿ ಅವರೇ ಮಾಡಿದ್ದೆಂದು ಹೇಳಿ ಕೇಸು ಮುಚ್ಚಿದರು. ಕೋರ್ಟಿನಲ್ಲಿ ವಿಚಾರಣೆ ನಡೆಯಲೇ ಇಲ್ಲ. ಸತ್ತ ಐವರಲ್ಲಿ ಕನೆಕ್ಟಿಕಟ್‌ನ 94 ವರ್ಷದ ಒಬ್ಬ ಅಜ್ಜಿಗೂ, ನ್ಯೂಯಾರ್ಕಿನ ಒಬ್ಬ ಆಸ್ಪತ್ರೆ ಉದ್ಯೋಗಿಗೂ ಸೋಂಕು ನಿಖರವಾಗಿ ಎಲ್ಲಿಂದ ತಗುಲಿತು ಎಂಬುದು ಖಚಿತವಾಗಲಿಲ್ಲ.

ನಿಮ್ಮ ಕಥೆಯಲ್ಲೂ ಒಂದು ಕೇಸ್ ಬಿಡಿಸಲಾಗದೆ ಉಳಿಯಲಿ. ಲೈನ್ ಲಿಸ್ಟ್‌ನ ಒಂದು ಸಾಲಿನಲ್ಲಿ ಸೋಂಕಿನ ಮೂಲದ ಜಾಗ ಖಾಲಿ. ಅಪರಾಧಿ ಸಿಕ್ಕ ಮೇಲೂ ಎಪಿಡೆಮಿಯಾಲಜಿಸ್ಟ್ ಆ ಸಾಲನ್ನು ಬಿಡುವುದಿಲ್ಲ. ಆದರೆ ಮುಖ್ಯ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಎಲ್ಲವನ್ನೂ ತೇಲಿಬಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ.

ಮಾಯಾಮದ್ದು ಮಾತ್ರ ಬೇಡ. ಹೊಸ ಲಸಿಕೆ ಒಂದು ರಾತ್ರಿಯಲ್ಲಿ ತಯಾರಾಗುವುದಿಲ್ಲ. ನಗರಗಳನ್ನು ಉಳಿಸುವುದು ಬೇಗ ಗುರುತಿಸುವುದು, ಸಂಪರ್ಕಕ್ಕೆ ಬಂದವರನ್ನು ಹುಡುಕುವುದು, ಇರುವ ಮದ್ದನ್ನು ಸರಿಯಾಗಿ ಹಂಚುವುದು. ಇವು ನೀರಸ ಎನಿಸಿದರೆ ನೀವು ಇನ್ನೂ ಹತ್ತಿರದಿಂದ ನೋಡಿಲ್ಲ ಎಂದರ್ಥ. ಸಾವಿರ ಜನಕ್ಕೆ ಸಾಲುವಷ್ಟು ಮದ್ದು, ಬಾಗಿಲಲ್ಲಿ ಹತ್ತು ಸಾವಿರ ಜನ. ಕ್ಲೈಮ್ಯಾಕ್ಸ್‌ಗೆ ಇಷ್ಟು ಸಾಲದೇ?

ಹಂತ 10: ತಿದ್ದುವಾಗ ಮೂವರಿಗೆ ಓದಲು ಕೊಡಿ

ಒಬ್ಬರು ಡಾಕ್ಟರ್ ಅಥವಾ ನರ್ಸ್. ಅವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ವಾರ್ಡಿನಲ್ಲಿ ಹೀಗೆ ನಡೆಯುತ್ತದೆಯೇ? ಮದ್ದಿನ ಹೆಸರಿಗಿಂತ ಹೆಚ್ಚಾಗಿ ಯಾರು ಯಾರಿಗೆ ಫೋನ್ ಮಾಡುತ್ತಾರೆ, ಯಾರು ಯಾರ ಮಾತು ಕೇಳುತ್ತಾರೆ ಎಂಬಲ್ಲಿ ತಪ್ಪುಗಳು ಸಿಗುತ್ತವೆ.

ಎರಡನೆಯವರು ಸಂಖ್ಯೆಗಳಲ್ಲಿ ಹುಷಾರಿರುವವರು. ಮೂರು ಕಾಲಂಗಳ ಪಟ್ಟಿಯನ್ನು ಕೊಡಬೇಡಿ, ಕಾದಂಬರಿಯನ್ನಷ್ಟೇ ಕೊಡಿ. ಓದುತ್ತಾ ದಿನಾಂಕಗಳ ಪಟ್ಟಿಯನ್ನು ಅವರೇ ಮಾಡಲಿ. ಅದು ನಿಮ್ಮ ಪಟ್ಟಿಗೆ ಹೊಂದದ ಕಡೆಯೆಲ್ಲ ತಿದ್ದಿ.

ಮೂರನೆಯವರು ಥ್ರಿಲ್ಲರ್ ಪ್ರೀತಿಸುವ ಸಾಮಾನ್ಯ ಓದುಗರು. ಅವರ ಕೈಗೆ ಪೆನ್ಸಿಲ್ ಕೊಡಿ. ಎಲ್ಲಿ ಓದು ನಿಲ್ಲಿಸಿ ಎದ್ದರೋ ಅಲ್ಲೊಂದು ಗೆರೆ, ಯಾರ ಸಾವಿಗೆ ಬೇಜಾರಾಯಿತೋ ಅಲ್ಲೊಂದು ಗುರುತು ಹಾಕಲು ಹೇಳಿ. ಗೆರೆ ಬಿದ್ದ ಕಡೆ ವಿವರಣೆ ಜಾಸ್ತಿಯಾಗಿರುತ್ತದೆ, ಕತ್ತರಿಸಿ. ಸಾವುಗಳಿದ್ದೂ ಒಂದು ಗುರುತೂ ಬೀಳದಿದ್ದರೆ ಸತ್ತವರು ಬರೀ ಸಂಖ್ಯೆಗಳಾಗಿ ಉಳಿದಿದ್ದಾರೆ. ಆಗ ನಾಲ್ಕನೇ ಹಂತಕ್ಕೆ ಹಿಂದಿರುಗಿ, ಮೊದಲ ರೋಗಿಯ ಕಾಯಿಲೆಗೆ ಹಿಂದಿನ ದಿನವನ್ನು ಒಂದು ಪೂರ್ತಿ ಅಧ್ಯಾಯವಾಗಿ ಬರೆಯಿರಿ.